ಹುಣಸೆ ಮರದ ಹುಳ, ವಿಯೆಟ್ನಾಂನ ಬಾಗಿಲು: ನಮ್ಮ ಕಾಳು ಹೊರದೇಶಕ್ಕೆ ಹೋಗಬೇಕಾದರೆ ಏನೇನು ಬೇಕು?

2017ರಲ್ಲಿ ವಿಯೆಟ್ನಾಂ ಭಾರತದ ಐದು ಸರಕುಗಳ ಆಮದನ್ನು ನಿಲ್ಲಿಸಿತು. ಕಡ್ಲೆಕಾಯಿ, ಹುಣಸೆ, ಕೋಕೋ ಬೀಜ, ನಮ್ಮ ತಗಚೆ ಜಾತಿಯ ಕ್ಯಾಸಿಯಾ ಬೀಜ, ಜೊತೆಗೆ ರಾಜ್ಮಾ ಜಾತಿಯ ಬೀನ್ಸ್ ಕಾಳು. ಕಾರಣ ಒಂದೇ: ಸರಕಿನಲ್ಲಿ ಸಿಕ್ಕ ಜೀವಂತ ಹುಳ. ಅದರ ವೈಜ್ಞಾನಿಕ ಹೆಸರು ಕ್ಯಾರಿಡಾನ್ ಸೆರಾಟಸ್.

ಈ ಪಟ್ಟಿಯನ್ನು ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯವರು ಇನ್ನೊಮ್ಮೆ ಓದಬೇಕು. ಕಡ್ಲೆಕಾಯಿ ಇಲ್ಲಿನ ಮಳೆಯಾಶ್ರಿತ ಹೊಲದ ಮುಖ್ಯ ಬೆಳೆ. ಹುಣಸೆ ಇಲ್ಲಿನ ಬದು, ತೋಪು, ರಸ್ತೆಬದಿಯ ಮರ. ತುಮಕೂರು ಎಪಿಎಂಸಿ ಹುಣಸೆಗೆ ಹೆಸರಾದ ಮಾರುಕಟ್ಟೆ. ಆ ಹುಳ ಈ ಎರಡರಲ್ಲೂ ಬದುಕುತ್ತೆ. ಹುಣಸೆ ಹಣ್ಣಿನ ಬೀಜದಲ್ಲಿ ಸಂಸಾರ ಮಾಡಿಕೊಂಡಿರುವ ದುಂಬಿ, ಪಕ್ಕದ ಕಣದಲ್ಲಿ ಒಣಗಲು ಹಾಕಿದ ಕಡ್ಲೆಕಾಯಿಗೆ ಬಂದು ಮೊಟ್ಟೆ ಇಡುತ್ತೆ. ಮರಿ ಸಿಪ್ಪೆ ಕೊರೆದು ಒಳಗೆ ಹೋಗುತ್ತೆ. ಹೊರಗಿನಿಂದ ನೋಡಿದರೆ ಕಾಯಿ ಚೆನ್ನಾಗೇ ಇರುತ್ತೆ.

ಅಂದ್ರೆ, ಅಂತಾರಾಷ್ಟ್ರೀಯ ವ್ಯಾಪಾರದ ಒಂದು ಬಾಗಿಲು ಮುಚ್ಚುವ ಕೆಲಸ ನಮ್ಮೂರಿನ ಹುಣಸೆ ಮರದ ಕೆಳಗೇ ಶುರುವಾಗಬಹುದು. ಆದರೆ ಅದನ್ನು ತಡೆಯೋಕೆ ಅಂತ ಇರುವ ವ್ಯವಸ್ಥೆಯೆಲ್ಲ ಬೆಂಗಳೂರಿನ ಕಚೇರಿಯಲ್ಲಿ, ಬಂದರಿನ ಗೋದಾಮಿನಲ್ಲಿ ಇದೆ. ಈ ಲೇಖನ ಹೇಳಹೊರಟಿರುವುದು ಇಷ್ಟು: ನಿಯಮ ಏನು, ಅದು ಹೇಗೆ ಕೆಲಸ ಮಾಡುತ್ತೆ, ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತೆ.

ಸಸ್ಯ ಆರೋಗ್ಯದ ನಿಯಮ ಅಂದ್ರೇನು?

ಒಂದು ದೇಶದ ಕೀಟ, ರೋಗ, ಕಳೆ ಬೀಜ ಇನ್ನೊಂದು ದೇಶದ ಬೆಳೆಗೆ ಹಬ್ಬಬಾರದು ಅನ್ನೋದು ಇದರ ಮೂಲ. 1951ರಲ್ಲಿ ಅಂತಾರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಆಯಿತು. 1995ರ ಜನವರಿ 1ರಿಂದ, ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಯಲ್ಲೇ ಎಸ್‌ಪಿಎಸ್ ಒಪ್ಪಂದ ಜಾರಿಗೆ ಬಂತು. ಅದರ ತಿರುಳು ಇದು: ಯಾವ ದೇಶವೂ ತನ್ನ ಜನ, ಪ್ರಾಣಿ, ಸಸ್ಯಗಳ ಆರೋಗ್ಯ ಕಾಪಾಡಲು ಆಮದಿಗೆ ಷರತ್ತು ಹಾಕಬಹುದು, ಆದರೆ ಆ ಷರತ್ತಿಗೆ ವೈಜ್ಞಾನಿಕ ಆಧಾರ ಇರಬೇಕು, ಅದು ವ್ಯಾಪಾರಕ್ಕೆ ಒಡ್ಡಿದ ಮುಸುಕಿನ ತಡೆ ಆಗಬಾರದು.

ಭಾರತದಲ್ಲಿ ಇದಕ್ಕೆ ಬ್ರಿಟಿಷರ ಕಾಲದ 1914ರ ವಿನಾಶಕಾರಿ ಕೀಟಗಳ ಕಾಯ್ದೆಯೇ ಇವತ್ತಿಗೂ ಬುನಾದಿ. ಕೇಂದ್ರ ಕೃಷಿ ಸಚಿವಾಲಯದ ಕೆಳಗಿನ ಸಸ್ಯ ಸಂರಕ್ಷಣಾ ನಿರ್ದೇಶನಾಲಯ ಇದನ್ನು ನೋಡಿಕೊಳ್ಳುತ್ತೆ. ಅದರ ಕೇಂದ್ರ ಕಚೇರಿ ಹರಿಯಾಣದ ಫರಿದಾಬಾದ್‌ನಲ್ಲಿದೆ. ನಮಗೆ ಹತ್ತಿರದ್ದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪ್ರಾದೇಶಿಕ ಸಸ್ಯ ಕ್ವಾರಂಟೈನ್ ಕೇಂದ್ರ. ಪಾವಗಡದಿಂದ ಅಲ್ಲಿಗೆ ನೂರೈವತ್ತು ಕಿಲೋಮೀಟರ್ ಆಸುಪಾಸು.

ಇವರು ಕೊಡುವ ಕಾಗದಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದ್ರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಅಂತಾರೆ. ವ್ಯಾಪಾರಿಗಳ ಬಾಯಲ್ಲಿ ಬರೀ 'ಫೈಟೋ'. ಇದು ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಕೊಡುವ ಮಾತು: 'ನಾವು ಪರೀಕ್ಷೆ ಮಾಡಿದ್ದೇವೆ, ನೀವು ಹೇಳಿದ ಕೀಟ ಇದರಲ್ಲಿ ಇಲ್ಲ.' ಆದ್ದರಿಂದಲೇ ಅದನ್ನು ಖಾಸಗಿ ಲ್ಯಾಬ್ ಕೊಡೋಕಾಗಲ್ಲ, ರಫ್ತುದಾರ ತಾನೇ ಬರೆದುಕೊಳ್ಳೋಕೂ ಆಗಲ್ಲ. ಕೇಂದ್ರದ ಅಧಿಕಾರಿಗಳು, ಇಲ್ಲವೇ ಕೇಂದ್ರ ಅಧಿಸೂಚನೆ ಮೂಲಕ ಅಧಿಕಾರ ಕೊಟ್ಟ ರಾಜ್ಯದ ಅಧಿಕಾರಿಗಳು ಮಾತ್ರ ಕೊಡಬಹುದು.

ನಮ್ಮ ಯಾವ ಕಾಳಿಗೆ ಯಾವ ಹುಳ?

ನಾಲ್ಕೂ ತಾಲೂಕುಗಳಲ್ಲಿ ರಾಗಿ, ಕಡ್ಲೆಕಾಯಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಅಲಸಂದೆ ಹಾಕುವುದು ಹಳೆಯ ಪದ್ಧತಿ. ಹುರುಳಿ, ಹೆಸರು ಇದ್ದೇ ಇವೆ. ಇವೆಲ್ಲ ಒಂದೇ ಸಸ್ಯ ಕುಟುಂಬ. ಕೀಟಗಳಿಗೂ ಆ ನೆಂಟಸ್ತನ ಗೊತ್ತು.

*ಕಾಳಿನ ದುಂಬಿ.* ತೊಗರಿ, ಅಲಸಂದೆ, ಹೆಸರು, ಅವರೆಗೆ ಬರುವ ಸಣ್ಣ ದುಂಬಿ ಇದು. ವಿಜ್ಞಾನಿಗಳ ಭಾಷೆಯಲ್ಲಿ ಕ್ಯಾಲೋಸೋಬ್ರೂಕಸ್. ಅಡುಗೆಮನೆ ಡಬ್ಬಿಯಲ್ಲಿ ಕಾಳಿನ ಮೇಲೆ ಬಿಳಿ ಚುಕ್ಕೆ, ಆಮೇಲೆ ದುಂಡನೆ ತೂತು ನೋಡಿದ್ದೀರಲ್ಲ, ಅದೇ. ಚುಕ್ಕೆ ಅದರ ಮೊಟ್ಟೆ, ತೂತು ದುಂಬಿ ಹೊರಬಂದ ದಾರಿ. ಇದು ಗೋದಾಮಿನ ಕೀಟ ಅಂತ ನಾವು ಅಂದ್ಕೊಳ್ತೀವಿ. ಆದರೆ ಕಾಯಿ ಬಲಿಯುವಾಗಲೇ ಹೊಲದಲ್ಲಿ ಮೊಟ್ಟೆ ಇಡುತ್ತೆ. ಮೂಟೆ ಕಟ್ಟುವ ಹೊತ್ತಿಗೆ ಹುಳವೂ ಜೊತೆಗೇ ಪ್ಯಾಕ್ ಆಗಿರುತ್ತೆ.

*ಕಡ್ಲೆಕಾಯಿ ದುಂಬಿ.* ಮೇಲೆ ಹೇಳಿದ ಹುಣಸೆ ಮರದ ಅತಿಥಿ. ಸಿಪ್ಪೆ ಸಮೇತ ಇಟ್ಟ ಕಾಯಿ ಇದಕ್ಕೆ ಹೆಚ್ಚು ಇಷ್ಟ. ಬೆಳೆದ ಮರಿ ಹೊರಬಂದು ಚೀಲಗಳ ಸಂದಿಯಲ್ಲಿ, ರಾಶಿಯ ತಳದಲ್ಲಿ ಬಿಳಿ ಗೂಡು ಕಟ್ಟುತ್ತೆ. ಆ ಗೂಡು ಕಂಡರೆ ಒಳಗೆ ಹಾನಿ ಆಗಲೇ ಆಗಿದೆ ಅಂತರ್ಥ.

*ಖಾಪ್ರಾ ದುಂಬಿ.* ಜಗತ್ತಿನ ಕ್ವಾರಂಟೈನ್ ಅಧಿಕಾರಿಗಳು ಅತಿ ಹೆಚ್ಚು ಹೆದರುವ ಕೀಟಗಳಲ್ಲಿ ಒಂದು. ಗೋಡೆ ಬಿರುಕು, ಕಂಟೇನರ್ ಸಂದಿಯಲ್ಲಿ ಇದರ ಮರಿ ತಿಂಗಳುಗಟ್ಟಲೆ ಊಟವಿಲ್ಲದೆ ಬದುಕುತ್ತೆ. ಭಾರತ ಈ ಕೀಟ ಇರುವ ದೇಶ ಅಂತಲೇ ಲೆಕ್ಕ. 2011ರಲ್ಲಿ ಅಮೆರಿಕ, ಇಂಥ ದೇಶಗಳಿಂದ ಬರುವ ಪ್ರಯಾಣಿಕರು ಚೀಲದಲ್ಲಿ ಅಕ್ಕಿ ತರುವುದನ್ನೇ ನಿಷೇಧಿಸಿತು. ಆಮೇಲೆ ಕಡಲೆ, ಸೋಯಾ ಕೂಡ ಸೇರಿದವು. ಆಸ್ಟ್ರೇಲಿಯಾ 2020-21ರಲ್ಲಿ ಇನ್ನೂ ಬಿಗಿ ಮಾಡಿತು. ಅದರ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ತೊಗರಿ, ಅಲಸಂದೆ, ಹೆಸರು, ಕಡ್ಲೆಕಾಯಿ ಎಲ್ಲವೂ ಇವೆ. ಮೆಲ್ಬರ್ನ್‌ನಲ್ಲಿರುವ ಮಗಳಿಗೆ ಅಮ್ಮ ಒಣ ಅಲಸಂದೆ ಕಟ್ಟಿಕೊಟ್ಟರೆ ವಿಮಾನ ನಿಲ್ದಾಣದಲ್ಲಿ ಎತ್ತಿಡೋದು ಇದೇ ಕಾರಣಕ್ಕೆ.

ಹಸಿ ಕಾಯಿ ಕಥೆ ಬೇರೆ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ಹೆಚ್ಚುಕಮ್ಮಿ ಎಲ್ಲ ತಾಜಾ ಹಣ್ಣು-ತರಕಾರಿಗೂ ಫೈಟೋ ಕಡ್ಡಾಯ. ಅನಾನಸ್, ತೆಂಗು, ಡೂರಿಯನ್, ಬಾಳೆ, ಖರ್ಜೂರಕ್ಕೆ ಮಾತ್ರ ವಿನಾಯಿತಿ. ಅವರೆಕಾಯಿ, ಬೀನ್ಸ್‌ಗೆ ಇಲ್ಲ.

ರಫ್ತಿನ ದಾರಿ: ಹಂತ ಹಂತವಾಗಿ

ನೀವು ಶಿರಾ ಕಡೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿದ್ದೀರಿ, ಒಂದು ಕಂಟೇನರ್ ಅಲಸಂದೆ ಕಾಳು ಕಳಿಸಬೇಕು ಅಂದ್ಕೊಳ್ಳಿ. ದಾರಿ ಹೀಗಿದೆ.

1. *ನೋಂದಣಿ.* ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಕೋಡ್ ಪಡೆಯಬೇಕು. ಆಮೇಲೆ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದಲ್ಲಿ ಸದಸ್ಯತ್ವ. ಕಡ್ಲೆಕಾಯಿಗೆ ಅಪೆಡಾದ ಪೀನಟ್.ನೆಟ್ ಅನ್ನೋ ಪ್ರತ್ಯೇಕ ಆನ್‌ಲೈನ್ ವ್ಯವಸ್ಥೆ ಇದೆ. ಸುಲಿಯುವ, ವಿಂಗಡಿಸುವ ಘಟಕ, ಗೋದಾಮುಗಳ ನೋಂದಣಿ ಅದರಲ್ಲಿ ಆಗುತ್ತೆ.

2. *ಕೊಳ್ಳುವ ದೇಶದ ಷರತ್ತು ತಿಳಿಯುವುದು.* ಇದೇ ಎಲ್ಲಕ್ಕಿಂತ ಮುಖ್ಯ. ಯಾವ ಕೀಟ ಇರಬಾರದು, ಯಾವ ಧೂಮೀಕರಣ, ಎಷ್ಟು ಹೊತ್ತು, ಪ್ರಮಾಣಪತ್ರದಲ್ಲಿ ಯಾವ ಹೆಚ್ಚುವರಿ ಘೋಷಣೆ ಬರೆದಿರಬೇಕು, ಇವೆಲ್ಲ ದೇಶದಿಂದ ದೇಶಕ್ಕೆ ಬೇರೆ. ಕೆಲವು ದೇಶಗಳಲ್ಲಿ ಕೊಳ್ಳುವವನು ಮೊದಲೇ ಆಮದು ಪರವಾನಗಿ ತೆಗೆದು ಕಳಿಸಬೇಕು. ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಇದು ಕೈಯಲ್ಲಿರಬೇಕು, ಆಮೇಲಲ್ಲ.

3. *ಸ್ವಚ್ಛತೆ.* ಮಣ್ಣು, ಕಸ, ಕಳೆ ಬೀಜ ಇರಬಾರದು. ಇಲ್ಲಿ ಒಂದು ವಿಚಿತ್ರ ನೋಡಿ. ನಮ್ಮಲ್ಲಿ ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡೋದು ಹುಳ ಬಾರದಿರಲಿ ಅಂತ ಮಾಡುವ ಹಳೆಯ, ಕೆಲಸ ಮಾಡುವ ಉಪಾಯ. ಆದರೆ ಕ್ವಾರಂಟೈನ್ ಕಣ್ಣಿಗೆ ಮಣ್ಣೇ ಅಪಾಯ. ಕೆಮ್ಮಣ್ಣು ಅಂಟಿದ ಕಾಳು ರಫ್ತಿಗೆ ಆಗಲ್ಲ. ಮನೆ ಜ್ಞಾನಕ್ಕೂ ಬಂದರಿನ ನಿಯಮಕ್ಕೂ ಇಲ್ಲಿ ಹೊಂದಾಣಿಕೆ ಇಲ್ಲ.

4. *ಅರ್ಜಿ, ಮಾದರಿ, ಪರೀಕ್ಷೆ.* ಅರ್ಜಿ ಆನ್‌ಲೈನ್. ಅಧಿಕಾರಿಗಳು ಚೀಲಗಳಿಂದ ಮಾದರಿ ತೆಗೆದು, ಜರಡಿ ಹಿಡಿದು, ಕಾಳಿನ ಮೇಲೆ ಮೊಟ್ಟೆ, ತೂತು, ಜೀವಂತ ಕೀಟ ಹುಡುಕುತ್ತಾರೆ. ಬೇಕಾದರೆ ಲ್ಯಾಬ್‌ಗೆ ಕಳಿಸುತ್ತಾರೆ.

5. *ಧೂಮೀಕರಣ.* ಸರ್ಕಾರದ ಮಾನ್ಯತೆ ಇರುವ ಏಜೆನ್ಸಿಯಿಂದಲೇ ಮಾಡಿಸಬೇಕು. ಬಳಸುವುದು ಮೀಥೈಲ್ ಬ್ರೋಮೈಡ್ ಇಲ್ಲವೇ ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಬರುವ ಫಾಸ್ಫೀನ್ ಅನಿಲ. ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಉಳಿದ ಬಳಕೆ ಕೈಬಿಟ್ಟರೂ ಕ್ವಾರಂಟೈನ್ ಕೆಲಸಕ್ಕೆ ವಿನಾಯಿತಿ ಉಳಿದಿದೆ. ಎರಡೂ ಮನುಷ್ಯರಿಗೆ ಪ್ರಾಣಾಂತಿಕ. ಮನೆಯಲ್ಲೋ ಊರ ಗೋದಾಮಿನಲ್ಲೋ ತಾವೇ ಮಾಡಿಕೊಳ್ಳುವ ಕೆಲಸ ಇದಲ್ಲ.

6. *ಮರದ ಪ್ಯಾಲೆಟ್.* ಕಾಳು ಸರಿ ಇದ್ದು ಅದರ ಕೆಳಗಿನ ಮರದ ಹಲಗೆಯಲ್ಲಿ ಹುಳ ಇದ್ದರೂ ಸರಕು ವಾಪಸ್. ಹಲಗೆಯ ಒಳಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಲುಪಿರಬೇಕು, ಇಲ್ಲವೇ ಮಾನ್ಯ ವಿಧಾನದಲ್ಲಿ ಧೂಮೀಕರಣ ಆಗಿರಬೇಕು, ಮುದ್ರೆ ಇರಬೇಕು.

7. *ಪ್ರಮಾಣಪತ್ರ.* ಇಷ್ಟಾದ ಮೇಲೆ ಫೈಟೋ ಕೈಗೆ ಬರುತ್ತೆ. ಅಲ್ಲಿಗೂ ಮುಗಿಯಲ್ಲ. ತಲುಪಿದ ದೇಶದಲ್ಲಿ ಮತ್ತೆ ಪರೀಕ್ಷೆ. ಅಲ್ಲಿ ನಿಷೇಧಿತ ಹುಳ ಜೀವಂತ ಸಿಕ್ಕರೆ ಮರು ಧೂಮೀಕರಣ, ವಾಪಸ್ ಅಥವಾ ನಾಶ. ಖರ್ಚು ರಫ್ತುದಾರನ ಮೇಲೆ, ಕೊನೆಗೆ ಅವನು ಕೊಳ್ಳುವ ದರದಲ್ಲಿ ರೈತನ ಮೇಲೆ.

ಹುಳ ಬೇರೆ, ವಿಷ ಬೇರೆ, ಔಷಧಿ ಬೇರೆ

ಈ ಮೂರನ್ನೂ ಒಂದೇ ಅಂದುಕೊಂಡು ಕೆಟ್ಟವರು ಬಹಳ. ಫೈಟೋ ಇದ್ದರೆ ಸರಕು ತಿನ್ನಲು ಸುರಕ್ಷಿತ ಅಂತ ಅರ್ಥ ಅಲ್ಲ. ಅದರಲ್ಲಿ ಸಸ್ಯ ಕೀಟ, ರೋಗ ಇಲ್ಲ ಅಂತಷ್ಟೇ ಅರ್ಥ.

ಎರಡನೇ ಗೇಟು ಅಫ್ಲಾಟಾಕ್ಸಿನ್. ಇದು ಒಂದು ಜಾತಿಯ ಬೂಷ್ಟು ಬಿಡುವ ವಿಷ. ಲಿವರ್ ಕ್ಯಾನ್ಸರ್‌ಗೆ ಕಾರಣ. ಧೂಮೀಕರಣ ಮಾಡಿದರೆ ಹುಳ ಸಾಯುತ್ತೆ, ಈ ವಿಷ ಹೋಗಲ್ಲ. ಕಾಯಿ ಬಲಿಯುವ ಕೊನೆ ವಾರಗಳಲ್ಲಿ ಮಳೆ ಕೈಕೊಟ್ಟು ಬಿಸಿಲು ಏರಿದರೆ ಇದು ಹೆಚ್ಚು, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಇನ್ನೂ ಹೆಚ್ಚು. ಪಾವಗಡದಂಥ ಬರದ ನೆಲಕ್ಕೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆ ಹೋಗಿದ್ದು ರೈತನ ತಪ್ಪಲ್ಲ, ದಂಡ ಮಾತ್ರ ಅವನಿಗೆ.

ಯುರೋಪಿನ ಮಿತಿ: ನೇರ ತಿನ್ನುವ ಕಡ್ಲೆಬೀಜದಲ್ಲಿ ಕೆ.ಜಿ.ಗೆ ಒಟ್ಟು 4 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್. ನಮ್ಮ ಎಫ್‌ಎಸ್‌ಎಸ್‌ಎಐ ಮಿತಿ ಕಾಳುಗಳಿಗೆ 15. 2025ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾ ಭಾರತದ ಕಡ್ಲೆಕಾಯಿ ಆಮದನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದು ಇದೇ ವಿಷದ ಕಾರಣಕ್ಕೆ. ಹಾಗೆ ಅಲ್ಲಿಗೆ ಹೋಗದ ಸರಕು ಎಲ್ಲಿಗೆ ಬರುತ್ತೆ? ನಮ್ಮದೇ ಗಾಣಕ್ಕೆ, ನಮ್ಮದೇ ಚಿಕ್ಕಿಗೆ, ನಮ್ಮದೇ ಚಟ್ನಿಪುಡಿಗೆ ಬರುವ ಸಾಧ್ಯತೆ ಇದ್ದೇ ಇದೆ. ಸಸ್ಯ ಆರೋಗ್ಯದ ಚರ್ಚೆ ರಫ್ತುದಾರರ ಖಾಸಗಿ ತಲೆನೋವಲ್ಲ ಅನ್ನೋದು ಇದಕ್ಕೇ.

ಮೂರನೇ ಗೇಟು ಕೀಟನಾಶಕದ ಶೇಷ. ಇದಕ್ಕೆ ನೈಜೀರಿಯಾದ ಪಾಠ ಇದೆ. ಅಲ್ಲಿನ ಒಣ ಬೀನ್ಸ್‌ನಲ್ಲಿ ಡೈಕ್ಲೋರ್ವಾಸ್ ಅನ್ನೋ ಕೀಟನಾಶಕ ಮಿತಿಗಿಂತ ಬಹಳ ಹೆಚ್ಚು ಸಿಕ್ಕಿತು ಅಂತ ಯುರೋಪ್ 2015ರ ಜೂನ್‌ನಲ್ಲಿ ಆಮದನ್ನೇ ನಿಷೇಧಿಸಿತು. ಒಂದು ವರ್ಷಕ್ಕೆ ಅಂತ ಶುರುವಾದ ನಿಷೇಧ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಡೈಕ್ಲೋರ್ವಾಸ್ ಸಿಂಪಡಿಸುವುದು ದಾಸ್ತಾನಿನ ಹುಳ ಸಾಯಲಿ ಅಂತ. ಒಂದು ಗೇಟು ದಾಟಲು ಬಳಸಿದ ಔಷಧಿಯೇ ಇನ್ನೊಂದು ಗೇಟಿನಲ್ಲಿ ಸಿಕ್ಕಿಹಾಕಿಸಿತು.

ಹುರಿದರೆ ಬಾಗಿಲು ತೆರೆಯುತ್ತೆ

ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ನಿಯಮ ಇದೆ. 2009ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡವೊಂದು ಸಸ್ಯ ಸರಕುಗಳನ್ನು ಕೀಟದ ಅಪಾಯದ ಮೇಲೆ ನಾಲ್ಕು ಗುಂಪು ಮಾಡಿದೆ. ಬಿತ್ತನೆ ಬೀಜ ಅತಿ ಅಪಾಯದ್ದು. ತಿನ್ನಲು ಹೋಗುವ, ಸಂಸ್ಕರಿಸದ ಇಡೀ ಕಾಳು ಅದರ ಕೆಳಗಿನದು. ಅರೆಸಂಸ್ಕರಿಸಿದ್ದು ಇನ್ನೂ ಕೆಳಗೆ. ಹುರಿದ, ಬೇಯಿಸಿದ, ಅಂದ್ರೆ ಕೀಟ ಬದುಕಲಾಗದಷ್ಟು ಸಂಸ್ಕರಿಸಿದ ಸರಕಿಗೆ ಸಸ್ಯ ಆರೋಗ್ಯದ ಷರತ್ತೇ ಬೇಡ ಅನ್ನುತ್ತೆ ಆ ಮಾನದಂಡ.

ಅರ್ಥ ಸರಳ: ಇಡೀ ಕಾಯಿಗೆ ಹತ್ತು ಕಾಗದ, ಹುರಿದ ಬೀಜಕ್ಕೆ ಆ ಹತ್ತರಲ್ಲಿ ಹಲವು ಬೇಡ. ಅಫ್ಲಾಟಾಕ್ಸಿನ್, ಆಹಾರ ಸುರಕ್ಷತೆಯ ಪರೀಕ್ಷೆ ಆಗಲೂ ಇರುತ್ತೆ, ಅದು ನಿಜ. ಆದರೆ ಹುಳದ ಗೇಟು ದಾಟಿದ ಹಾಗೆ. ಜೊತೆಗೆ ಸಂಸ್ಕರಣೆಯ ಲಾಭವೂ ಊರಲ್ಲೇ ಉಳಿಯಬಹುದು. ಇದೇ ಜಿಲ್ಲೆಯ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಫುಡ್ ಪಾರ್ಕ್ ಉದ್ಘಾಟಿಸಿದ್ದರು. ಪಾವಗಡ, ಮಧುಗಿರಿಯ ಕಡ್ಲೆಕಾಯಿ ಬೆಳೆಗಾರರಿಗೆ ಅದರಿಂದ ಏನು ಸಿಕ್ಕಿತು ಅನ್ನೋ ಲೆಕ್ಕ ಕೇಳುವುದು ನ್ಯಾಯ.

ಇದು ಬರೀ ವಿಜ್ಞಾನವಾ?

ಕಾಗದದ ಮೇಲೆ ಹೌದು. ನಡೆಯುವ ರೀತಿಯಲ್ಲಿ ಅಷ್ಟೇ ಅಲ್ಲ.

ವಿಯೆಟ್ನಾಂ ಐದು ಸರಕು ನಿಲ್ಲಿಸಿದ ಬೆನ್ನಲ್ಲೇ, 2017ರ ಮಾರ್ಚ್‌ನಲ್ಲಿ, ಭಾರತ ಅಲ್ಲಿನ ಆರು ಸರಕುಗಳನ್ನು ನಿಲ್ಲಿಸಿತು: ಕಾಫಿ ಬೀಜ, ಬಿದಿರು, ಕರಿಮೆಣಸು, ಚಕ್ಕೆ, ಬೀನ್ಸ್, ಡ್ರ್ಯಾಗನ್ ಫ್ರೂಟ್. ಕೊಟ್ಟ ಕಾರಣ ಕೀಟ. ಹೊಡೆತಕ್ಕೆ ಹೊಡೆತ ಅಂತ ಎಲ್ಲರಿಗೂ ಅರ್ಥವಾಯಿತು.

ಆಮದಿನಲ್ಲೂ ಇದೇ ಆಟ. ನಮ್ಮ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರಗಿಂದ ಬರುವ ಕಾಳಿಗೆ ಹೊರಡುವ ದೇಶದಲ್ಲೇ ಮೀಥೈಲ್ ಬ್ರೋಮೈಡ್ ಧೂಮೀಕರಣ ಆಗಿರಬೇಕು. ಕೆನಡಾ ಆ ಅನಿಲದ ಬಳಕೆ ಕಡಿಮೆ ಮಾಡಿಕೊಂಡಿದೆ, ತನ್ನ ಚಳಿಗೆ ಈ ಕೀಟ ಬದುಕಲ್ಲ ಅನ್ನುತ್ತೆ. ಹಾಗಾಗಿ ಭಾರತ ವರ್ಷಗಟ್ಟಲೆ ವಿನಾಯಿತಿಯನ್ನು ಕಂತು ಕಂತಾಗಿ ವಿಸ್ತರಿಸುತ್ತಾ ಬಂತು. ಬೇಳೆ ದುಬಾರಿಯಾದಾಗ ನಿಯಮ ಸಡಿಲ, ಅಗ್ಗವಾದಾಗ ಬಿಗಿ. ಹುಳದ ಸ್ವಭಾವ ಮಾತ್ರ ಎರಡೂ ಕಾಲದಲ್ಲಿ ಒಂದೇ.

ಇನ್ನು ನಮ್ಮ ರೈತನಿಗೆ ನಮ್ಮದೇ ಸರ್ಕಾರ ಹಾಕಿದ ಬೇಲಿ. 2006ರ ಜೂನ್‌ನಲ್ಲಿ ಕೇಂದ್ರ ಬೇಳೆಕಾಳು ರಫ್ತನ್ನು ನಿಷೇಧಿಸಿತು. ಕಾಬೂಲಿ ಕಡಲೆಯಂಥ ಕೆಲವು ವಿನಾಯಿತಿ ಬಿಟ್ಟರೆ, ಪೂರ್ತಿ ಬಾಗಿಲು ತೆರೆದದ್ದು 2017ರ ನವೆಂಬರ್‌ನಲ್ಲಿ. ಹನ್ನೊಂದು ವರ್ಷ ತೊಗರಿ, ಹೆಸರು ಬೆಳೆದವನಿಗೆ ಹೊರದೇಶದ ಮಾರುಕಟ್ಟೆ ಕಾನೂನು ಪ್ರಕಾರವೇ ಇರಲಿಲ್ಲ. ಅಷ್ಟು ವರ್ಷ ರಫ್ತೇ ಇಲ್ಲದ ಕಡೆ ರಫ್ತಿಗೆ ಬೇಕಾದ ಒಣಗಿಸುವ ಅಂಗಳ, ವಿಂಗಡಿಸುವ ಯಂತ್ರ, ಕೀಟ ಪರೀಕ್ಷೆಯ ಅಭ್ಯಾಸ ಎಲ್ಲಿಂದ ಬರಬೇಕು? ಇತ್ತ 2021ರ ಮೇ ತಿಂಗಳಿಂದ ತೊಗರಿ ಆಮದು ಮುಕ್ತ. ಪಟ್ಟಣದಲ್ಲಿ ಬೇಳೆ ತಿನ್ನುವವರಿಗೆ ಬೆಲೆ ಇಳಿಯಬೇಕು ಅನ್ನೋದು ಸರಿ. ಆದರೆ ಇಳಿದ ಬೆಲೆಯ ಲೆಕ್ಕ ಹಳ್ಳಿಯಲ್ಲಿ ಚುಕ್ತಾ ಆಗುತ್ತೆ.

ಇನ್ನೊಂದು ಅನ್ಯಾಯ ಈ ವ್ಯವಸ್ಥೆಯ ಒಳಗೇ ಇದೆ. ಹುಳ ಸಿಕ್ಕಿದ್ದು ಒಬ್ಬ ರಫ್ತುದಾರನ ಕಂಟೇನರ್‌ನಲ್ಲಿ. ಬಾಗಿಲು ಮುಚ್ಚುವುದು ಇಡೀ ದೇಶಕ್ಕೆ. ಒಂದು ರಾಜ್ಯದ ಗೋದಾಮಿನಲ್ಲಿ ಆದ ತಪ್ಪಿಗೆ ಪಾವಗಡದಲ್ಲಿ ಬೆಲೆ ಬೀಳಬಹುದು. ರಫ್ತಿನ ಗಿರಾಕಿ ಹೋದರೆ ಉಳಿಯೋದು ಪಕ್ಕದ ಚಳ್ಳಕೆರೆಯ ಎಣ್ಣೆ ಗಿರಣಿಯಂಥ ಮಾರುಕಟ್ಟೆ ಒಂದೇ.

ಹಾಗಾದರೆ ಏನು ಕೇಳಬೇಕು?

ಹುಳ ಶುರುವಾಗೋದು ಹೊಲದಲ್ಲಿ, ಕಣದಲ್ಲಿ. ಪರೀಕ್ಷೆ ನಡೆಯೋದು ಕೊನೆಯಲ್ಲಿ. ಕೊನೆಯ ಪರೀಕ್ಷೆಯನ್ನು ಎಷ್ಟೇ ಬಿಗಿ ಮಾಡಿದರೂ ಮೊದಲ ಹೆಜ್ಜೆ ಸರಿಯಾಗದಿದ್ದರೆ ಪ್ರಯೋಜನ ಇಲ್ಲ. ಹಾಗಾಗಿ ಬೇಡಿಕೆಗಳೂ ಹೋಬಳಿ ಮಟ್ಟದವೇ ಆಗಬೇಕು.

ಒಂದು, ಮಣ್ಣಿನ ಮೇಲಲ್ಲದೆ ಟಾರ್ಪಾಲಿನ್ ಅಥವಾ ಕಾಂಕ್ರೀಟ್ ಅಂಗಳದಲ್ಲಿ ಒಣಗಿಸುವ ಸಾರ್ವಜನಿಕ ಕಣ. ಹುಣಸೆ ತೋಪಿನಿಂದ ದೂರ. ಹುಣಸೆ ಮತ್ತು ಕಡ್ಲೆಕಾಯಿ ಒಂದೇ ಗೋದಾಮಿನಲ್ಲಿ ಇರಕೂಡದು.

ಎರಡು, ಎಪಿಎಂಸಿಯಲ್ಲಿ ತೇವಾಂಶ ಮಾಪಕ, ಅಫ್ಲಾಟಾಕ್ಸಿನ್ ಪರೀಕ್ಷಾ ಕಿಟ್. ರೈತ ಮಾರುವ ಮುಂಚೆಯೇ ತನ್ನ ಸರಕಿನ ಗುಣಮಟ್ಟ ತಾನೇ ತಿಳಿಯಬೇಕು. ಈಗ ಅದು ತಿಳಿಯೋದು ವ್ಯಾಪಾರಿಗೆ ಮಾತ್ರ.

ಮೂರು, ಗಾಳಿಯಾಡದ ಚೀಲ. ಕಾಳಿನ ದುಂಬಿ ಆಮ್ಲಜನಕ ಇಲ್ಲದೆ ಸಾಯುತ್ತೆ. ಅನಿಲವೂ ಬೇಡ, ಕೆಮ್ಮಣ್ಣೂ ಬೇಡ. ಇದನ್ನು ಸಬ್ಸಿಡಿ ಪಟ್ಟಿಗೆ ಸೇರಿಸುವುದು ದೊಡ್ಡ ಯೋಜನೆಯೇನೂ ಅಲ್ಲ.

ನಾಲ್ಕು, ಕೊಳ್ಳುವ ದೇಶಗಳ ಷರತ್ತು ಕನ್ನಡದಲ್ಲಿ. 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ಶುರುವಾಯಿತು. ಆ ಸಂಸ್ಥೆಗಳ ನಿರ್ದೇಶಕರಾಗಿರುವ ರೈತರು ಇಂಗ್ಲಿಷ್ ಅಧಿಸೂಚನೆ ಓದಿ ಕಂಟೇನರ್ ಕಳಿಸಬೇಕು ಅಂದ್ರೆ ಮತ್ತೆ ಮಧ್ಯವರ್ತಿಯೇ ಗತಿ.

ಸಸ್ಯ ಆರೋಗ್ಯದ ನಿಯಮ ಬೇಡ ಅಂತ ಯಾರೂ ಹೇಳುತ್ತಿಲ್ಲ. ಹೊರಗಿನ ಹುಳ, ಕಳೆ ನಮ್ಮ ಹೊಲಕ್ಕೆ ಬಾರದಂತೆ ಕಾಯೋದೂ ಅದೇ ನಿಯಮ. ಆದರೆ ನಿಯಮ ಪಾಲಿಸಲು ಬೇಕಾದ ಸಾಮಗ್ರಿ ಬಂದರಿನಲ್ಲಿಟ್ಟು, ನಿಯಮ ಮುರಿದ ನಷ್ಟವನ್ನು ಪಾವಗಡದ ಹೊಲಕ್ಕೆ ಕಳಿಸುವ ವ್ಯವಸ್ಥೆಯನ್ನು ವಿಜ್ಞಾನ ಅಂತ ಕರೆಯೋಕಾಗಲ್ಲ. ಮುಂದಿನ ಸಲ ನಿಮ್ಮ ತಾಲೂಕಿನಲ್ಲಿ ಯಾರಾದರೂ 'ರೈತರ ಉತ್ಪನ್ನ ವಿದೇಶಕ್ಕೆ' ಅಂತ ಭಾಷಣ ಮಾಡಿದರೆ ಒಂದೇ ಪ್ರಶ್ನೆ ಕೇಳಿ: ಕಾಯಿ ಒಣಗಿಸೋ ಕಣ ಎಲ್ಲಿದೆ ಸ್ವಾಮಿ?